ಸಿ ಡ್ರೈವ್ ತುಂಬಿದೆ, ಡಿ ಡ್ರೈವ್ ಖಾಲಿ ಇದೆ: ನಡುವಿನ ಗೋಡೆ ಸರಿಸುವುದು ಹೇಗೆ?

ಹಳೆಕ್ಯಾಸೆಟ್ (ಸಿದ್ದಾಪುರ, ಉತ್ತರ ಕನ್ನಡ):

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಹೈಸ್ಕೂಲು ಮಾಸ್ತರ. ಕಂಪ್ಯೂಟರ್ ಕಲಿತದ್ದು ನಿವೃತ್ತಿಯ ಮೇಲೆ, ಅದೂ ಒಂದೇ ಒಂದು ಕೆಲಸಕ್ಕಾಗಿ. ನಮ್ಮ ತಂದೆಯವರು 1984ರಿಂದ 2001ರವರೆಗೆ ಊರೂರು ತಿರುಗಿ ತಾಳಮದ್ದಳೆ (ವೇಷವಿಲ್ಲದೆ, ಕುಳಿತು ಹಾಡು ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂಟಗಳನ್ನು ಧ್ವನಿಮುದ್ರಿಸಿದ್ದರು. 90 ನಿಮಿಷದ 212 ಕ್ಯಾಸೆಟ್‌ಗಳು ಎರಡು ತಗಡಿನ ಟ್ರಂಕುಗಳಲ್ಲಿವೆ. ನಮ್ಮ ಕಡೆಯ ಮಳೆಗೆ ಕೆಲವಕ್ಕೆ ಆಗಲೇ ಬೂಷ್ಟು ಹಿಡಿದಿದೆ. ಇನ್ನು ಕೆಲವು ವರ್ಷ ಬಿಟ್ಟರೆ ಉಳಿಯುವುದಿಲ್ಲವೆಂದು, ದಿನಕ್ಕೊಂದರಂತೆ ಆಡಾಸಿಟಿ ತಂತ್ರಾಂಶದಲ್ಲಿ ಲ್ಯಾಪ್‌ಟಾಪಿಗೆ ಏರಿಸುತ್ತಿದ್ದೇನೆ. 96 ಮುಗಿದಿವೆ. ಎಲ್ಲವೂ ಡಿ ಡ್ರೈವ್‌ನಲ್ಲಿ 48 ಕಿಲೋಹರ್ಟ್ಜ್, 24 ಬಿಟ್ ಸ್ಟೀರಿಯೋ ವೇವ್ ಫೈಲುಗಳಾಗಿ ಕುಳಿತಿವೆ.

ಈಗ ಸಮಸ್ಯೆ. ಸಿ ಡ್ರೈವ್ 119 ಜಿಬಿ ಇದೆ, ಅದರಲ್ಲಿ ಉಳಿದಿರುವುದು ಬರೀ 3 ಜಿಬಿ. ಪಟ್ಟಿ ಕೆಂಪಾಗಿದೆ. ಡಿ ಡ್ರೈವ್ 811 ಜಿಬಿ, ಅದರಲ್ಲಿ 670 ಜಿಬಿ ಖಾಲಿ. ಒಂದೇ ಮನೆಯಲ್ಲಿ ಒಬ್ಬನಿಗೆ ಹೊರಳಲು ಜಾಗವಿಲ್ಲ, ಇನ್ನೊಬ್ಬನ ಕೋಣೆ ಬಿಕೋ ಎನ್ನುತ್ತಿದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಎಂಬುದು ಮಸುಕಾಗಿದೆ, ಒತ್ತಲು ಬರುವುದಿಲ್ಲ. ಡಿ ಡ್ರೈವ್‌ನಿಂದ 100 ಜಿಬಿ ಶ್ರಿಂಕ್ ಮಾಡಿ, ಅಂದರೆ ಕುಗ್ಗಿಸಿ ನೋಡಿದೆ. ಬಲತುದಿಯಲ್ಲಿ ಕಪ್ಪು ಪಟ್ಟಿಯೊಂದು ಬಂತು, ‘ಅನ್‌ಅಲೊಕೇಟೆಡ್’ ಎಂದು. ಆದರೆ ಸಿ ಡ್ರೈವ್‌ನ ಎಕ್ಸ್‌ಟೆಂಡ್ ಈಗಲೂ ಮಸುಕೇ.

ಪೇಟೆಯ ಅಂಗಡಿಯೊಂದರಲ್ಲಿ ಕೇಳಿದೆ. ‘ಪೂರ್ತಿ ಫಾರ್ಮ್ಯಾಟ್ ಮಾಡಿ ಒಂದೇ ದೊಡ್ಡ ಸಿ ಮಾಡಿಬಿಡೋಣ, ಅರ್ಧ ದಿನದ ಕೆಲಸ’ ಎಂದರು. ಫಾರ್ಮ್ಯಾಟ್ ಎಂಬ ಶಬ್ದ ಕೇಳಿದರೆ ನನಗೆ ಕೈ ನಡುಗುತ್ತದೆ. ಹಾಗೆ ಮಾಡದೆ ಗೋಡೆಯನ್ನು ಮಾತ್ರ ಸರಿಸುವ ದಾರಿ ಇದೆಯೇ? ಸಿ ದೊಡ್ಡದಾದರೆ ಮುಖ್ಯವಾದ ಧ್ವನಿಮುದ್ರಣಗಳ ಎರಡನೆಯ ಪ್ರತಿಯನ್ನು ಅಲ್ಲಿಯೂ ಇಡಬೇಕೆಂಬ ಆಸೆ. ಒಂದು ಹೋದರೆ ಇನ್ನೊಂದಾದರೂ ಇರಲಿ ಎಂದು.

ಇನ್ನೂ ಎರಡು ಸಂಶಯ. ಕೊಳ್ಳುವಾಗ 1 ಟಿಬಿ ಹಾರ್ಡ್ ಡಿಸ್ಕ್ ಎಂದಿದ್ದರು, ಎಲ್ಲ ಕೂಡಿಸಿದರೂ 931 ಜಿಬಿ ಆಗುತ್ತದೆ. ಉಳಿದದ್ದು ಎಲ್ಲಿ? ಮತ್ತು ಸಿ ಡ್ರೈವ್‌ನ ಎಲ್ಲ ಫೋಲ್ಡರುಗಳನ್ನು ಒಂದೊಂದಾಗಿ ಕೂಡಿಸಿ ನೋಡಿದೆ, 60 ಜಿಬಿ ಮಾತ್ರ ಬಂತು. 116 ಜಿಬಿ ತುಂಬಿದೆ ಎನ್ನುತ್ತದೆ. ಮೂರು ಸಲ ಕೂಡಿಸಿದ್ದೇನೆ, ಲೆಕ್ಕ ತಪ್ಪಿಲ್ಲ. ಎ ಮತ್ತು ಬಿ ಡ್ರೈವ್‌ಗಳು ಏಕಿಲ್ಲ ಎಂದು ಮೊಮ್ಮಗಳ ಪ್ರಶ್ನೆ, ಗೊತ್ತಿದ್ದವರು ಅದಕ್ಕೂ ಉತ್ತರಿಸಿ.

ರಿಪೇರಿಮೇಜು (ಹುಬ್ಬಳ್ಳಿ):

ಮಾಸ್ತರರೇ, ಮೊದಲ ಮಾತು: ಸದ್ಯಕ್ಕೆ ಏನನ್ನೂ ಮುಟ್ಟಬೇಡಿ. ನೀವು ಇಲ್ಲಿಯವರೆಗೆ ಮಾಡಿದ್ದರಿಂದ ಏನೂ ಹಾಳಾಗಿಲ್ಲ, ನಿಶ್ಚಿಂತರಾಗಿರಿ.

ಎಕ್ಸ್‌ಟೆಂಡ್ ಏಕೆ ಮಸುಕಾಗಿದೆ ಎಂದರೆ, ಸಿ ಡ್ರೈವ್ ಬೆಳೆಯಲು ಅದರ ಬಲಕ್ಕೆ, ಅಂಟಿಕೊಂಡೇ ಖಾಲಿ ಜಾಗ ಇರಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್‌ನ ಕೆಳಗಿನ ಅರ್ಧದಲ್ಲಿರುವ ಪೆಟ್ಟಿಗೆಗಳನ್ನು ಎಡದಿಂದ ಬಲಕ್ಕೆ ಓದಿ. ಮೊದಲು ಯಂತ್ರ ಏಳಲು ಬೇಕಾದ ಇಎಫ್‌ಐ ಎಂಬ ಪುಟ್ಟ ಪಾರ್ಟಿಷನ್ (ಡಿಸ್ಕಿನ ಒಂದು ಖಾನೆ), ಆಮೇಲೆ ಸಿ, ಅದರ ಪಕ್ಕದಲ್ಲಿ ಐನೂರೋ ಆರುನೂರೋ ಎಂಬಿಯ ‘ರಿಕವರಿ ಪಾರ್ಟಿಷನ್’, ಆಮೇಲೆ ಡಿ, ಕೊನೆಯಲ್ಲಿ ನೀವು ಬಿಡಿಸಿದ 100 ಜಿಬಿ. ನಿಮ್ಮದು ಹೀಗೇ ಇರಬೇಕು. ಶ್ರಿಂಕ್ ಮಾಡಿದಾಗ ವಿಂಡೋಸ್ ಡಿ ಡ್ರೈವ್‌ನ ಬಾಲವನ್ನು ಕತ್ತರಿಸುತ್ತದೆ, ತಲೆಯನ್ನಲ್ಲ. ನಿಮ್ಮ ತೋಟಕ್ಕೂ ಖಾಲಿ ಬಿದ್ದ ಜಾಗಕ್ಕೂ ನಡುವೆ ಬೇರೆ ಇಬ್ಬರ ಹಿಸ್ಸೆ ಇದ್ದರೆ ಬೇಲಿ ಹೇಗೆ ಸರಿಸುತ್ತೀರಿ? ಅದೇ ಸ್ಥಿತಿ. ರಿಕವರಿ ಪಾರ್ಟಿಷನ್ ಅಳಿಸಿದರೆ ಆಯಿತು ಎಂದು ಅಂತರ್ಜಾಲದಲ್ಲಿ ಬರೆದಿರುತ್ತಾರೆ. ನಿಮ್ಮ ವಿಷಯದಲ್ಲಿ ಅದರಿಂದ ಐನೂರು ಎಂಬಿ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಮುಂದೆ ವಿಂಡೋಸ್ ಏಳದಿದ್ದಾಗ ಕೈಹಿಡಿಯುವುದು ಆ ಪಾರ್ಟಿಷನ್ನೇ, ಅದನ್ನು ಕಳೆದುಕೊಳ್ಳಬೇಡಿ.

931ರ ಲೆಕ್ಕ ಸುಲಭ. ತಯಾರಕರಿಗೆ 1 ಟಿಬಿ ಎಂದರೆ ಒಂದರ ಮುಂದೆ ಹನ್ನೆರಡು ಸೊನ್ನೆ, ಅಷ್ಟು ಬೈಟ್. ವಿಂಡೋಸ್‌ಗೆ 1 ಜಿಬಿ ಎಂದರೆ 1024ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 107 ಕೋಟಿ ಚಿಲ್ಲರೆ ಬೈಟ್. ಭಾಗಿಸಿದರೆ 931 ಬರುತ್ತದೆ. ಯಾರೂ ಕದ್ದಿಲ್ಲ. ಮೊಮ್ಮಗಳಿಗೆ ಹೇಳಿ: ಎ ಮತ್ತು ಬಿ ಫ್ಲಾಪಿಗಳ ಹೆಸರುಗಳು. 1983ರಲ್ಲಿ ಐಬಿಎಂನ ಪಿಸಿ ಎಕ್ಸ್‌ಟಿ ಯಂತ್ರ ಹಾರ್ಡ್ ಡಿಸ್ಕ್ ಸಮೇತ ಬಂದಾಗ ಆ ಎರಡು ಅಕ್ಷರಗಳು ಫ್ಲಾಪಿಗೆ ಮೀಸಲಾಗಿದ್ದವು, ಡಿಸ್ಕಿಗೆ ಸಿ ಸಿಕ್ಕಿತು. ಆ ಡಿಸ್ಕಿನ ಪೂರ್ತಿ ಗಾತ್ರ 10 ಎಂಬಿ. ನಿಮ್ಮ ಒಂದು ಕ್ಯಾಸೆಟ್ಟಿನ ಒಂದು ನಿಮಿಷವೂ ಅದರಲ್ಲಿ ಹಿಡಿಯುತ್ತಿರಲಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಸಿ ಡ್ರೈವ್‌ನಲ್ಲಿ ಎರಡನೆಯ ಪ್ರತಿ ಇಡುತ್ತೇನೆ ಎಂದಿರಿ. ದಯವಿಟ್ಟು ಅದನ್ನು ಎರಡನೆಯ ಪ್ರತಿ ಎಂದು ಎಣಿಸಬೇಡಿ. ಸಿ ಮತ್ತು ಡಿ ಎರಡು ಟ್ರಂಕುಗಳಲ್ಲ, ಒಂದೇ ಟ್ರಂಕಿನೊಳಗೆ ಹಲಗೆ ನಿಲ್ಲಿಸಿ ಮಾಡಿದ ಎರಡು ಖಾನೆಗಳು. ಡಿಸ್ಕಿನ ಮೋಟಾರು ನಿಂತ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ನನ್ನ ಮೇಜಿನ ಮೇಲೆ ತಿಂಗಳಿಗೆ ಒಂದಾದರೂ ಇಂಥ ಡಿಸ್ಕ್ ಬರುತ್ತದೆ, ‘ಡಿಯಲ್ಲಿ ಬ್ಯಾಕಪ್ ಇದೆಯಲ್ಲ ಸರ್’ ಎನ್ನುತ್ತಲೇ ತರುತ್ತಾರೆ. ಅವರಿಗೆ ಉತ್ತರ ಕೊಡುವುದು ನನಗೆ ಬಹಳ ಕಷ್ಟದ ಕೆಲಸ. ಹಾಗಾಗಿ ಮೊದಲು ಒಂದು ಹೊರಗಿನ ಹಾರ್ಡ್ ಡಿಸ್ಕ್ ಕೊಂಡು 96 ಕ್ಯಾಸೆಟ್‌ಗಳನ್ನೂ ಅದಕ್ಕೆ ಇಳಿಸಿ. ಉಳಿದ ಮಾತೆಲ್ಲ ಆಮೇಲೆ.

ಕಾಣೆಯಾದ 56 ಜಿಬಿಗೆ: ವಿಜ್‌ಟ್ರೀ ಎಂಬ ಉಚಿತ ತಂತ್ರಾಂಶವಿದೆ. ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಸಿ ಡ್ರೈವ್ ಸ್ಕ್ಯಾನ್ ಮಾಡಿ. ಫೈಲುಗಳ ಮೂಲ ಪಟ್ಟಿಯನ್ನೇ ಓದುವುದರಿಂದ ಬೇಗ ಮುಗಿಯುತ್ತದೆ. ನೀವು ಕೈಯಲ್ಲಿ ಕೂಡಿಸಿದಾಗ ಅಡಗಿದ ಫೋಲ್ಡರುಗಳು ಬಿಟ್ಟುಹೋಗಿರುತ್ತವೆ. ಜೊತೆಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿ ತಿಳಿಸಿ. ಹಳದಿ ಬಣ್ಣದಲ್ಲಿ ‘ಕಾಷನ್’ ಎಂದಿದ್ದರೆ ಪಾರ್ಟಿಷನ್ ವಿಚಾರವನ್ನೇ ಬಿಡಿ.

ಹಸಿರುಪೆಂಗ್ವಿನ್ (ಬೆಂಗಳೂರು):

ಇಷ್ಟೆಲ್ಲ ಹೆದರಬೇಕಾಗಿಲ್ಲ. ಜಿಪಾರ್ಟೆಡ್ ಎಂಬ ಪಾರ್ಟಿಷನ್ ಸರಿಸುವ ತಂತ್ರಾಂಶವಿರುವ ಪೆನ್‌ಡ್ರೈವ್‌ನಿಂದ ಯಂತ್ರ ಬೂಟ್ ಮಾಡಿ, ಡಿ ಪಾರ್ಟಿಷನ್ನನ್ನೂ ರಿಕವರಿಯನ್ನೂ ಬಲಕ್ಕೆ ಸರಿಸಿ, ಸಿ ಹಿಗ್ಗಿಸಿ. ನಾನು ಕಳೆದ ವರ್ಷ ನನ್ನ ಯಂತ್ರದಲ್ಲಿ ಮಾಡಿದೆ, ಒಂದೂವರೆ ಗಂಟೆ ಹಿಡಿಯಿತು, ಒಂದು ಫೈಲೂ ಹೋಗಲಿಲ್ಲ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಇದ್ದರೆ ಮಾತ್ರ ಮೊದಲು ಅದನ್ನು ಬಿಚ್ಚಬೇಕು.

ರಿಪೇರಿಮೇಜು (ಹುಬ್ಬಳ್ಳಿ):

ಜಿಪಾರ್ಟೆಡ್ ಒಳ್ಳೆಯ ತಂತ್ರಾಂಶ, ನಾನೂ ಬಳಸುತ್ತೇನೆ. ಆದರೆ ಪಾರ್ಟಿಷನ್ನಿನ ತಲೆಯನ್ನು ಸರಿಸುವುದು ಎಂದರೆ ಒಳಗಿರುವುದನ್ನೆಲ್ಲ ಎತ್ತಿ ಮುಂದಿನ ಜಾಗದಲ್ಲಿ ಇಡುವುದು. ಮಾಸ್ತರರ ಡಿ ಡ್ರೈವ್‌ನಲ್ಲಿ 140 ಜಿಬಿ ಧ್ವನಿ ಇದೆ, ತಿರುಗುವ ಹಾರ್ಡ್ ಡಿಸ್ಕ್ ಬೇರೆ. ಗಂಟೆಗಟ್ಟಲೆ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಅರ್ಧ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿಯುತ್ತದೆ, ಯಾವುದು ಎಲ್ಲಿ ಎಂದು ಹೇಳುವ ಪಟ್ಟಿ ಎರಡಕ್ಕೂ ಹೊಂದುವುದಿಲ್ಲ. ನನ್ನ ಬಳಿ ಹಾಗೆ ಅರ್ಧಕ್ಕೆ ನಿಂತ ಲೆಕ್ಕಪತ್ರದ ಕಂಪ್ಯೂಟರೊಂದು ಬಂದಿತ್ತು. ನಾಲ್ಕು ದಿನ ಕುಳಿತು ಎಳೆ ಎಳೆಯಾಗಿ ಹೆಕ್ಕಿದರೂ ಮೂರು ವರ್ಷದ ಲೆಕ್ಕದಲ್ಲಿ ಒಂದು ವರ್ಷದ್ದು ಸಿಗಲೇ ಇಲ್ಲ. ಆ ಗುಮಾಸ್ತರ ಮುಖ ಇವತ್ತಿಗೂ ಕಣ್ಣ ಮುಂದಿದೆ. ಬೆಂಗಳೂರಿನಲ್ಲಿ ಯುಪಿಎಸ್ ಇಟ್ಟುಕೊಂಡು ಮಾಡುವುದೇ ಬೇರೆ, ಸಿದ್ದಾಪುರದ ಆಷಾಢದಲ್ಲಿ ಮಾಡುವುದೇ ಬೇರೆ.

ಮಾಸ್ತರರೇ, ಲ್ಯಾಪ್‌ಟಾಪಿನ ಬ್ಯಾಟರಿ ಹೇಗಿದೆ?

ಹಳೆಕ್ಯಾಸೆಟ್ (ಸಿದ್ದಾಪುರ):

ಇಬ್ಬರಿಗೂ ಧನ್ಯವಾದ. ಟ್ರಂಕಿನ ಖಾನೆಯ ಮಾತು ಓದಿ ಎದೆ ಧಸಕ್ಕೆಂದಿತು. ಎರಡು ವರ್ಷದಿಂದ ನಾನು ನಂಬಿಕೊಂಡು ಬಂದದ್ದೇ ಬೇರೆ. ಇವತ್ತೇ ಮಗಳಿಗೆ ಹೇಳಿ ಹೊರಗಿನ ಡಿಸ್ಕ್ ಎರಡು ತರಿಸುತ್ತಿದ್ದೇನೆ.

ಬ್ಯಾಟರಿ ಸತ್ತು ಒಂದು ವರ್ಷವಾಯಿತು. ವೈರ್ ಕಿತ್ತರೆ ಯಂತ್ರ ಆ ಕ್ಷಣವೇ ಆರುತ್ತದೆ. ಕರೆಂಟ್ ಹೋದಾಗಲೂ ಅಷ್ಟೇ. ಈ ಮಳೆಗಾಲದಲ್ಲಿ ಕ್ಯಾಸೆಟ್ ಓಡುತ್ತಿರುವಾಗಲೇ ಹೋದದ್ದು ಎಷ್ಟು ಸಲವೋ. ಹೋದಾಗಲೆಲ್ಲ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮೊದಲಿನಿಂದ ಮಾಡುತ್ತೇನೆ.

ಡಿಸ್ಕಿನ ಆರೋಗ್ಯ ನೀಲಿಯಲ್ಲಿ ‘ಗುಡ್’ ಎಂದಿದೆ. ನೀವು ಹೇಳಿದಂತೆಯೇ ಸಿ ಮತ್ತು ಡಿ ನಡುವೆ ರಿಕವರಿ ಪಾರ್ಟಿಷನ್ ಇದೆ. ವಿಜ್‌ಟ್ರೀ ನೋಡಿದೆ. ವಿಂಡೋಸ್ ಫೋಲ್ಡರಿಗಿಂತಲೂ ದೊಡ್ಡದಾಗಿ ಒಂದು ಪೆಟ್ಟಿಗೆ ಕಾಣುತ್ತದೆ: ಯೂಸರ್ಸ್, ನನ್ನ ಹೆಸರು, ಆ್ಯಪ್‌ಡೇಟಾ, ಲೋಕಲ್, ಆಡಾಸಿಟಿ, ಸೆಷನ್‌ಡೇಟಾ. ಅದರಲ್ಲಿ 48 ಜಿಬಿ. ಒಳಗೆ 14 ಫೈಲುಗಳಿವೆ, ಹೆಸರಿನ ಕೊನೆಗೆ ‘ಎಯುಪಿ3ಅನ್‌ಸೇವ್ಡ್’ ಎಂದಿದೆ. ಉಳಿದ ಎಂಟು ಜಿಬಿ ವಿಂಡೋಸ್ ತನಗಾಗಿ ಇಟ್ಟುಕೊಳ್ಳುವ ಹೈಬರ್‌ನೇಷನ್ ಫೈಲು ಮತ್ತು ರಿಸ್ಟೋರ್ ಪಾಯಿಂಟುಗಳದ್ದು. ಈ 14ನ್ನು ಅಳಿಸಬಹುದೇ? ಅವು ಏನೆಂದು ತಿಳಿಯದೆ ಮುಟ್ಟಿಲ್ಲ.

ಮದ್ದಳೆಮನೆ (ಉಡುಪಿ):

ಮಾಸ್ತರರೇ, ಅಳಿಸಬೇಡಿ! ಅದಕ್ಕಾಗಿಯೇ ಊಟ ಬಿಟ್ಟು ಬರೆಯುತ್ತಿದ್ದೇನೆ. ನಾನೂ ಹಳೆಯ ಯಕ್ಷಗಾನದ ಆಟ ಮತ್ತು ಕೂಟಗಳ ಸ್ಪೂಲ್ ಟೇಪುಗಳನ್ನು ಕಂಪ್ಯೂಟರಿಗೆ ಏರಿಸುವವನು.

ಆಡಾಸಿಟಿಯಲ್ಲಿ ರೆಕಾರ್ಡ್ ಒತ್ತಿದ ಕ್ಷಣದಿಂದ ಧ್ವನಿ ನೇರವಾಗಿ ಡಿ ಡ್ರೈವ್‌ಗೆ ಹೋಗುವುದಿಲ್ಲ. ನೀವು ಎಕ್ಸ್‌ಪೋರ್ಟ್ ಮಾಡುವವರೆಗೆ, ಅಂದರೆ ವೇವ್ ಫೈಲಾಗಿ ಹೊರತೆಗೆಯುವವರೆಗೆ, ಅದು ಸಿ ಡ್ರೈವ್‌ನ ಈ ಸೆಷನ್‌ಡೇಟಾದಲ್ಲಿ ಕುಳಿತಿರುತ್ತದೆ. ಅದೂ ನಿಮ್ಮ 24 ಬಿಟ್‌ನಲ್ಲಲ್ಲ, 32 ಬಿಟ್‌ನಲ್ಲಿ. 90 ನಿಮಿಷಕ್ಕೆ ಸುಮಾರು 2 ಜಿಬಿ. ಗೊರಗೊರ ಸದ್ದು ತೆಗೆಯಲು ನಾಯ್ಸ್ ರಿಡಕ್ಷನ್ ಹಾಕಿದರೆ, ಹಿಂದಕ್ಕೆ ಬರಲು ಅನುಕೂಲವಾಗಲೆಂದು ಹಳೆಯದನ್ನೂ ಇಟ್ಟುಕೊಳ್ಳುತ್ತದೆ, ಇನ್ನೊಂದು 2 ಜಿಬಿ. ಸರಿಯಾಗಿ ಮುಚ್ಚಿದರೆ ಎಲ್ಲವೂ ಅಳಿಸಿಹೋಗುತ್ತದೆ. ಕರೆಂಟ್ ಹೋಗಿ ಯಂತ್ರ ಆರಿದರೆ ಅಳಿಸುವುದಿಲ್ಲ, ನಿಮಗಾಗಿ ಕಾದಿಡುತ್ತದೆ. ಮುಂದಿನ ಸಲ ತೆರೆದಾಗ ಒಂದು ಪಟ್ಟಿ ತೋರಿಸಿ ರಿಕವರ್ ಮಾಡಲೇ, ಡಿಸ್ಕಾರ್ಡ್ ಮಾಡಲೇ, ಸ್ಕಿಪ್ ಮಾಡಲೇ ಎಂದು ಕೇಳುತ್ತದೆ. ನೀವು ಸ್ಕಿಪ್ ಒತ್ತುತ್ತಿದ್ದಿರಿ, ಅಲ್ಲವೇ? ಸ್ಕಿಪ್ ಎಂದರೆ ‘ಇರಲಿ, ಆಮೇಲೆ ನೋಡೋಣ’ ಎಂದಷ್ಟೇ. ಹದಿನಾಲ್ಕು ಸಲ ಆಮೇಲೆ ನೋಡೋಣ ಎಂದದ್ದರ ಮೊತ್ತ 48 ಜಿಬಿ.

ಆದ್ದರಿಂದ ನಿಮ್ಮ ಸಿ ಡ್ರೈವ್ ಚಿಕ್ಕದಲ್ಲ. ಗೋಡೆ ಸರಿಸಿ 100 ಜಿಬಿ ಕೊಟ್ಟಿದ್ದರೂ ಮುಂದಿನ ಎರಡು ಮಳೆಗಾಲದಲ್ಲಿ ಅದೂ ತುಂಬುತ್ತಿತ್ತು.

ಕ್ರಮ ಹೀಗಿರಲಿ. ಹೊರಗಿನ ಡಿಸ್ಕ್ ಬಂದ ಮೇಲೆ ಮೊದಲು ಡಿ ಡ್ರೈವ್‌ನ ಧ್ವನಿಯನ್ನೂ ಈ 14 ಫೈಲುಗಳನ್ನೂ ಅದಕ್ಕೆ ನಕಲು ಮಾಡಿ. ಆಮೇಲೆ ಆಡಾಸಿಟಿ ತೆರೆದು ಪಟ್ಟಿಯಿಂದ ಒಂದೊಂದನ್ನೇ ಆರಿಸಿ ರಿಕವರ್ ಮಾಡಿ, ಕಿವಿಗೊಟ್ಟು ಕೇಳಿ, ಬೇಕಾದದ್ದನ್ನು ಡಿಗೆ ಎಕ್ಸ್‌ಪೋರ್ಟ್ ಮಾಡಿ. ಕೇಳದೆ ಯಾವುದನ್ನೂ ಡಿಸ್ಕಾರ್ಡ್ ಮಾಡಬೇಡಿ. ಎಲ್ಲ ಮುಗಿದ ಮೇಲೆಯೇ ಎಡಿಟ್, ಪ್ರಿಫರೆನ್ಸಸ್, ಡೈರೆಕ್ಟರೀಸ್‌ಗೆ ಹೋಗಿ ತಾತ್ಕಾಲಿಕ ಫೈಲುಗಳ ಜಾಗವನ್ನು ಡಿ ಡ್ರೈವ್‌ನಲ್ಲಿ ಒಂದು ಹೊಸ ಫೋಲ್ಡರಿಗೆ ಬದಲಿಸಿ. ಈ ಹೆಜ್ಜೆ ಮೊದಲಾಗಬಾರದು.

ಹೊರಗಿನ ಡಿಸ್ಕ್ ಫೈಲುಗಳನ್ನು ಜೋಡಿಸಿಡುವ ಕ್ರಮ ಎನ್‌ಟಿಎಫ್‌ಎಸ್ ಆಗಿರಲಿ. ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲನ್ನು ಅದು ಹಿಡಿಯುವುದಿಲ್ಲ, ನಿಮ್ಮ 14ರಲ್ಲಿ ಕೆಲವು ಅದಕ್ಕಿಂತ ದೊಡ್ಡವಿರಬಹುದು. ವೇವ್ ಫೈಲಿಗೂ ಅದೇ 4 ಜಿಬಿಯ ಮಿತಿ ಇದೆ. ನೀವು ಬಳಸುವ 48 ಕಿಲೋಹರ್ಟ್ಜ್, 24 ಬಿಟ್ ಸ್ಟೀರಿಯೋದಲ್ಲಿ ನಾಲ್ಕು ಗಂಟೆ ಎಂಟು ನಿಮಿಷಕ್ಕೆ ಅದು ತುಂಬುತ್ತದೆ. ಇಡೀ ರಾತ್ರಿಯ ಪ್ರಸಂಗವನ್ನು ಒಂದೇ ಫೈಲಾಗಿ ಜೋಡಿಸುವ ಯೋಚನೆ ಇದ್ದರೆ ಫ್ಲ್ಯಾಕ್ ಎಂಬ ಫೈಲ್ ಮಾದರಿಯಲ್ಲಿ ಉಳಿಸಿ. ಧ್ವನಿ ಒಂದಿಷ್ಟೂ ಕೆಡುವುದಿಲ್ಲ, ಜಾಗವೂ ಉಳಿಯುತ್ತದೆ.

ಹಸಿರುಪೆಂಗ್ವಿನ್ (ಬೆಂಗಳೂರು):

ಬ್ಯಾಟರಿ ಸತ್ತಿದೆ ಎಂದು ತಿಳಿದಿದ್ದರೆ ನಾನು ಆ ಸಲಹೆ ಕೊಡುತ್ತಿರಲಿಲ್ಲ. ದಯವಿಟ್ಟು ಜಿಪಾರ್ಟೆಡ್ ಮಾತು ಮರೆತುಬಿಡಿ ಸರ್. ಕ್ಷಮಿಸಿ.

ಹಳೆಕ್ಯಾಸೆಟ್ (ಸಿದ್ದಾಪುರ), ಹನ್ನೊಂದು ದಿನಗಳ ನಂತರ:

ವಿವರವಾಗಿ ಬರೆಯಬೇಕು, ಸಮಯ ತೆಗೆದುಕೊಂಡೆ.

ಡಿಸ್ಕ್‌ಗಳು ಬಂದವು. ಎರಡಕ್ಕೂ ನಕಲು ಇಳಿಸಿದೆ. ಒಂದು ಮನೆಯ ಕಪಾಟಿನಲ್ಲಿದೆ, ಇನ್ನೊಂದನ್ನು ಮಗಳು ಧಾರವಾಡಕ್ಕೆ ಒಯ್ದಳು. ನಂತರ ದಿನಕ್ಕೆ ಒಂದೆರಡರಂತೆ ಆ 14ನ್ನು ತೆರೆದೆ. ಮೊದಲ ಎಂಟು, ನಾನು ಆಮೇಲೆ ಪೂರ್ತಿಯಾಗಿ ಮಾಡಿದ ಕ್ಯಾಸೆಟ್‌ಗಳ ಅರ್ಧಂಬರ್ಧ ತುಣುಕುಗಳು. ಹೋಲಿಸಿ ನೋಡಿ ಡಿಸ್ಕಾರ್ಡ್ ಮಾಡಿದೆ.

ಒಂಬತ್ತನೆಯದು ತೆರೆದಾಗ ಮೊದಲು ಟೇಪಿನ ಸರಸರ, ಆಮೇಲೆ ನಮ್ಮ ಅಪ್ಪಯ್ಯನ ಧ್ವನಿ. ಅವರು ಪ್ರತಿ ಕ್ಯಾಸೆಟ್ಟಿನ ಆರಂಭದಲ್ಲಿ ತಿಥಿ, ಊರು, ಹಾಡುವ ಭಾಗವತರು ಮತ್ತು ಮಾತಾಡುವ ಅರ್ಥಧಾರಿಗಳ ಹೆಸರು ಹೇಳುವುದು ರೂಢಿ. 1991ರ ಕಾರ್ತಿಕ ಮಾಸದ ಕೂಟ, ವಾಲಿ ಮತ್ತು ರಾಮರ ಸಂವಾದ. ಒಮ್ಮೆ ಕೆಮ್ಮಿದರು, ‘ಶುರು ಮಾಡಿ’ ಎಂದರು, ಭಾಗವತರ ಪದ ಎದ್ದಿತು. ಈ ಕ್ಯಾಸೆಟ್ಟು ಕಳೆದ ಜುಲೈನಲ್ಲಿ ನನ್ನ ಕೈಯಲ್ಲೇ ಹಾಳಾಗಿತ್ತು. ಮುದ್ರಿಸುವಾಗ ಕರೆಂಟ್ ಹೋಯಿತು. ಮರುದಿನ ಮೊದಲಿನಿಂದ ಮಾಡೋಣವೆಂದು ಹಿಂದಕ್ಕೆ ಸುತ್ತುವಾಗ ಕ್ಯಾಸೆಟ್ ಡೆಕ್ಕಿನ ರೋಲರು ರಿಬ್ಬನ್ನನ್ನು ಎಳೆದುಕೊಂಡು ಮುದ್ದೆ ಮಾಡಿ ತುಂಡರಿಸಿತು. ಹೋಯಿತೆಂದು ಒಂದು ಲಕೋಟೆಯಲ್ಲಿ ಹಾಕಿ, ಮನೆಯಲ್ಲಿ ಯಾರಿಗೂ ಹೇಳದೆ ಇಟ್ಟಿದ್ದೆ. ಅದೇ ಇಲ್ಲಿ 37 ನಿಮಿಷ 12 ಸೆಕೆಂಡು ಇದೆ. ವಾಲಿಯ ಆಕ್ಷೇಪ ಪೂರ್ತಿ ಬಂದಿದೆ. ರಾಮನ ಉತ್ತರ ಆರಂಭವಾಗಿ ಒಂದು ವಾಕ್ಯದ ನಡುವೆ ನಿಲ್ಲುತ್ತದೆ. ಹೆಂಡತಿಯನ್ನು ಕರೆದು ಕೇಳಿಸಿದೆ, ಇಬ್ಬರೂ ಎರಡು ಸಲ ಕೇಳಿದೆವು.

ಅಂಗಡಿಯವರು ಹೇಳಿದಂತೆ ಫಾರ್ಮ್ಯಾಟ್ ಮಾಡಿಸಿದ್ದರೆ ಡಿಯಲ್ಲಿದ್ದದ್ದನ್ನೆಲ್ಲ ಜೋಪಾನವಾಗಿ ಪೆನ್‌ಡ್ರೈವ್‌ಗೆ ಹಾಕಿಕೊಟ್ಟು, ಇದೊಂದನ್ನು ಅಳಿಸಿಬಿಡುತ್ತಿದ್ದೆ. ಇದೆ ಎಂದೇ ನನಗೆ ಗೊತ್ತಿರಲಿಲ್ಲ.

ಈಗ ಸಿ ಡ್ರೈವ್‌ನಲ್ಲಿ 51 ಜಿಬಿ ಖಾಲಿ ಇದೆ. ತಾತ್ಕಾಲಿಕ ಫೈಲುಗಳ ಜಾಗ ಡಿಗೆ ಬದಲಾಗಿದೆ. ಒಂದು ಸಣ್ಣ ಯುಪಿಎಸ್ ಕೊಂಡು ಡೆಕ್ಕನ್ನೂ ಲ್ಯಾಪ್‌ಟಾಪನ್ನೂ ಅದಕ್ಕೆ ಸಿಕ್ಕಿಸಿದ್ದೇನೆ. ಉಳಿದದ್ದು ನಾನು ಕತ್ತರಿಸಿದ ಆ 100 ಜಿಬಿಯ ಕಪ್ಪು ಪಟ್ಟಿ. ಅದನ್ನೇನು ಮಾಡಲಿ?

ರಿಪೇರಿಮೇಜು (ಹುಬ್ಬಳ್ಳಿ):

ಮಾಸ್ತರರೇ, ಓದಿ ಬಹಳ ಸಂತೋಷವಾಯಿತು. ಆ ಪಟ್ಟಿ ಡಿ ಡ್ರೈವ್‌ನ ಬಲಕ್ಕೇ ಅಂಟಿಕೊಂಡಿದೆಯಲ್ಲ, ಡಿ ಮೇಲೆ ರೈಟ್ ಕ್ಲಿಕ್ ಮಾಡಿ. ಅಲ್ಲಿ ಎಕ್ಸ್‌ಟೆಂಡ್ ಮಸುಕಾಗಿರುವುದಿಲ್ಲ. ನೆಕ್ಸ್ಟ್ ಒತ್ತುತ್ತ ಹೋದರೆ ಕೆಲವು ಸೆಕೆಂಡುಗಳಲ್ಲಿ ಮೊದಲಿನ 811 ಆಗುತ್ತದೆ, ಒಳಗಿರುವುದು ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ. ‘ಡೈನಾಮಿಕ್ ಡಿಸ್ಕ್‌ಗೆ ಬದಲಿಸಲೇ’ ಎಂದು ಎಲ್ಲಿಯಾದರೂ ಕೇಳಿದರೆ ಮಾತ್ರ ‘ನೋ’ ಒತ್ತಿ ನನಗೆ ಬರೆಯಿರಿ.

ಹಳೆಕ್ಯಾಸೆಟ್ (ಸಿದ್ದಾಪುರ):

ಆಯಿತು. 811 ಜಿಬಿ ತೋರಿಸುತ್ತಿದೆ, ಏನನ್ನೂ ಕೇಳಲಿಲ್ಲ. ಉಡುಪಿಯವರಿಗೆ ಒಂದು ಪ್ರಶ್ನೆ: ಲಕೋಟೆಯಲ್ಲಿರುವ ಆ ತುಂಡಾದ ರಿಬ್ಬನ್ನನ್ನು ಜೋಡಿಸಲು ಬರುತ್ತದೆಯೇ? ರಾಮನ ಉತ್ತರದ ಉಳಿದ ಭಾಗ ಅದರಲ್ಲಿದೆ.

ಮದ್ದಳೆಮನೆ (ಉಡುಪಿ):

ಬರುತ್ತದೆ. ಆದರೆ ಮನೆಯ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಒಸರಿ ಪಕ್ಕದ ಸುತ್ತುಗಳಿಗೂ ಡೆಕ್ಕಿನ ಹೆಡ್ಡಿಗೂ ಮೆತ್ತಿಕೊಳ್ಳುತ್ತದೆ. ಟೇಪ್ ಜೋಡಿಸಲೆಂದೇ ತಯಾರಾದ ಅಂಟುಪಟ್ಟಿ ನನ್ನಲ್ಲಿದೆ, ಸ್ಕ್ರೂ ಬಿಚ್ಚಿ ತೆರೆಯಬಹುದಾದ ಖಾಲಿ ಕ್ಯಾಸೆಟ್ ಡಬ್ಬಿಗಳೂ ಇವೆ. ಸುಕ್ಕಾದ ಒಂದೆರಡು ಅಡಿಯಲ್ಲಿ ಧ್ವನಿ ಅಲ್ಲಲ್ಲಿ ಅಡಗಬಹುದು, ಉಳಿದದ್ದು ಸಿಗಬೇಕು. ಲಕೋಟೆಯನ್ನು ಮಡಿಸದೆ, ಮ್ಯಾಗ್ನೆಟ್ ಇರುವ ಸ್ಪೀಕರಿನ ಹತ್ತಿರ ಇಡದೆ, ಯಾರಾದರೂ ಈ ಕಡೆ ಬರುವವರ ಕೈಯಲ್ಲಿ ಕಳಿಸಿ. ಅಂಚೆಗೆ ಹಾಕಬೇಡಿ.